ಪೇಂಟ್ ಕೆಲಸಕ್ಕೆ ಜುಲೈ ಬೇಡ, ಅವಸರವೂ ಬೇಡ

ನಾನಿರುವ ನ್ಯೂಜೆರ್ಸಿಯಲ್ಲಿ ಒಂದು ಮಲಗುವ ಕೋಣೆಗೆ ಪೇಂಟ್ ಹೊಡೆಸಲು ಸಾಮಾನ್ಯವಾಗಿ ಒಂದು ದಿನ ಸಾಕು. ಬೆಳಿಗ್ಗೆ ಇಬ್ಬರು ಬರುತ್ತಾರೆ, ಸಂಜೆ ಮುಗಿಸಿ ಹೊರಡುತ್ತಾರೆ. ಅಷ್ಟೇ ಅಳತೆಯ ಕೋಣೆಗೆ ಚಿಕ್ಕಮಗಳೂರಿನ ಬಸವನಹಳ್ಳಿಯ ನಮ್ಮ ಮನೆಯಲ್ಲಿ ನಾಲ್ಕೈದು ದಿನ ಹಿಡಿಯುತ್ತದೆ. ಇದನ್ನು ಹೇಳಿದ ಕೂಡಲೇ ಇಲ್ಲಿನ ಗೆಳೆಯರು 'ನಮ್ಮ ಕಡೆ ಕೆಲಸವೇ ಹಾಗೆ ಬಿಡಿ' ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ನಮ್ಮೂರಿನ ಪೇಂಟರ್ ಸೋಮಾರಿಯಲ್ಲ. ಅವನ ಮುಂದಿರುವ ಗೋಡೆ ಬೇರೆ, ಹವೆ ಬೇರೆ.

ಇಲ್ಲಿ ಒಳಗೋಡೆ ಅಂದರೆ ಹೆಚ್ಚಾಗಿ ಜಿಪ್ಸಮ್ ಹಲಗೆ. ಮೊದಲೇ ನುಣ್ಣಗಿರುತ್ತದೆ. ಮೊಳೆ ತೂತು ಮುಚ್ಚಿ, ಸ್ವಲ್ಪ ಉಜ್ಜಿ, ಎರಡು ಕೋಟ್ ಹೊಡೆದರೆ ಆಯಿತು. ಹೀಟರ್ ಅಥವಾ ಎಸಿ ಇರುವುದರಿಂದ ಮನೆಯೊಳಗಿನ ಗಾಳಿಯಲ್ಲಿ ತೇವ ಕಡಿಮೆ. ಬೆಳಗಿನ ಕೋಟ್ ಮಧ್ಯಾಹ್ನದೊಳಗೆ ಒಣಗುತ್ತದೆ.

ನಮ್ಮೂರಿನದು ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಗಾರೆ. 10 ಅಡಿಗೆ 12 ಅಡಿಯ ಒಂದು ಕೋಣೆ ತೆಗೆದುಕೊಳ್ಳಿ. ಎತ್ತರ 10 ಅಡಿ ಇದ್ದರೆ ಗೋಡೆಗಳೇ 440 ಚದರ ಅಡಿ, ಸೀಲಿಂಗ್ ಇನ್ನು 120. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಅಲ್ಲಲ್ಲಿ ಪುಟ್ಟಿ (ಗೋಡೆ ನುಣ್ಣಗಾಗಲು ಬಳಿಯುವ ಲೇಪ) ತುಂಬಿ, ಉಜ್ಜಿ, ಎರಡು ಕೋಟ್ ಹೊಡೆಯಲು ಎರಡು ಮೂರು ದಿನ ಬೇಕು. ಪುಡಿ ಉದುರುತ್ತಿದ್ದರೆ ಎಲ್ಲಾ ಕೆರೆದು ಮೊದಲಿಂದ ಶುರು ಮಾಡಬೇಕು, ನಾಲ್ಕೈದು ದಿನ ಹಿಡಿಯುವುದು ಆಗಲೇ. ಪುಟ್ಟಿ ಒಂದು ಕೈ, ಅದು ಒಣಗಿದ ಮೇಲೆ ಇನ್ನೊಂದು ಕೈ. ಅದೂ ಒಣಗಿದ ಮೇಲೆ ಎಮರಿ ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲು ಅದರ ಅಡಿಗೆ ಹೊಡೆಯುವ ಕೋಟ್. ಆಮೇಲೆ ಎರಡು ಕೋಟ್ ಎಮಲ್ಷನ್, ಅಂದರೆ ನೀರು ಬೆರೆಸುವ ಗೋಡೆ ಬಣ್ಣ. ಇದರಲ್ಲಿ ಕೈ ಆಡುವ ಹೊತ್ತಿಗಿಂತ ಒಣಗಲು ಕಾಯುವ ಹೊತ್ತೇ ಜಾಸ್ತಿ. ಹೊಸ ಗಾರೆಯಾದರೆ ಸುಮಾರು 28 ದಿನ ಕಳೆಯುವ ತನಕ ಬಣ್ಣದ ಮಾತೇ ಎತ್ತಬಾರದು.

ಒಂದು ಜಿಲ್ಲೆಯೊಳಗೇ ಎಷ್ಟು ವ್ಯತ್ಯಾಸ ನೋಡಿ. ಕಡೂರಿನಲ್ಲಿ ಮಳೆ ಕಡಿಮೆ, ಪುಟ್ಟಿ ಬೇಗ ಒಣಗುತ್ತದೆ. ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆ ಜುಲೈನಲ್ಲಿ ಹಾಸಿಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೋಡೆ ಒಣಗೀತೇ? ಡಬ್ಬಿಯ ಮೇಲೆ ನಾಲ್ಕು ಗಂಟೆ, ಆರು ಗಂಟೆ ಅಂತ ಬರೆದಿರುವುದು ಬೆಚ್ಚಗಿನ, ಒಣ ಹವೆಯ ಲೆಕ್ಕ. ಮಲೆನಾಡಿನ ಮಳೆಗಾಲಕ್ಕೆ ಅದು ಹೊಂದುವುದಿಲ್ಲ.

ನಮ್ಮಂಥ ಹೊರಗಿರುವವರು ಊರಿಗೆ ಬರುವುದು ಮಾತ್ರ ಇದೇ ಹೊತ್ತಿನಲ್ಲಿ. ಇಲ್ಲಿ ಮಕ್ಕಳ ಶಾಲೆ ಜೂನ್ ಕೊನೆಗೆ ಮುಗಿದರೆ ಮತ್ತೆ ತೆರೆಯುವುದು ಸೆಪ್ಟೆಂಬರಿನಲ್ಲಿ. ಅಂದರೆ ರಜೆ ಪೂರ್ತಿ ಮಳೆಗಾಲ. ಎರಡು ಮೂರು ವಾರ ಊರಲ್ಲಿದ್ದು, ಅಷ್ಟರೊಳಗೆ ಅಪ್ಪ ಅಮ್ಮನ ಮನೆಗೆ ಬಣ್ಣ ಹೊಡೆಸಿಬಿಡಬೇಕು ಅನ್ನುವ ಆಸೆ. ಆಸೆ ಒಳ್ಳೆಯದೇ. ಪೇಂಟರ್ 'ಗೋಡೆ ಇನ್ನೂ ಹಸಿ ಐತೆ ಅಮ್ಮಾ, ನಾಳೆ ಬರ್ತೀನಿ' ಅಂದರೆ ಅಮ್ಮ ಸರಿ ಅನ್ನುತ್ತಾರೆ. ಮಗನಿಗೆ ಶನಿವಾರದ ವಿಮಾನದ ಚಿಂತೆ. 'ಇನ್ನೊಬ್ಬರನ್ನು ಕರೆಸಿ, ಇವತ್ತೇ ಮುಗಿಸಿ' ಅನ್ನುತ್ತಾನೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಮುಂದಿನ ಮಳೆಗಾಲಕ್ಕೆ ಕಿಟಕಿ ಕೆಳಗಿನ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಅದನ್ನು ದಿನಾ ನೋಡುತ್ತಾ ಕೂತವರು ವಯಸ್ಸಾದ ಆ ತಂದೆ ತಾಯಿ.

ದಯವಿಟ್ಟು ಈ ಕೆಲಸವನ್ನು ಫೆಬ್ರವರಿ, ಮಾರ್ಚಿಗೆ ಇಟ್ಟುಕೊಳ್ಳಿ. ನೀವು ಎದುರಿಗೆ ನಿಲ್ಲಬೇಕಾಗಿಲ್ಲ. ತಂಗಿಯೋ ಭಾವನೋ ಪಕ್ಕದ ಮನೆಯವರೋ ನೋಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಗೋಡೆಯ ತೇವ ಎಲ್ಲೆಲ್ಲಿ ಕಾಣುತ್ತದೆ ಅಂತ ಗುರುತು ಮಾಡಿಕೊಳ್ಳಿ. ಸೋರಿಕೆ ನಿಲ್ಲಿಸದೆ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಅದು ನಿಲ್ಲುವುದಿಲ್ಲ.

ಹಳೆ ಮನೆಯ ಬಾಗಿಲು ಕಿಟಕಿಗಳಿಗೂ ಸಮಯ ಬಿಡಬೇಕು. ಅಮೆರಿಕದಲ್ಲಿ ಮನೆಗೆ ಹೊಡೆಯುವ, ವಿಷಕಾರಿ ಸೀಸ ಬೆರೆತ ಬಣ್ಣವನ್ನು 1978ರಲ್ಲೇ ನಿಷೇಧಿಸಿದರು. ಅದಕ್ಕೂ ಹಿಂದಿನ ಮನೆಗಳಲ್ಲಿ ಹಳೆ ಬಣ್ಣ ಕೆರೆಯುವುದಾದರೆ ಇಲ್ಲೂ ಕೆಲಸ ನಿಧಾನ. ಪ್ಲಾಸ್ಟಿಕ್ ಹಾಸಿ, ಧೂಳು ಹೊರಗೆ ಹೋಗದಂತೆ ಕಟ್ಟಿ, ಆಮೇಲೆ ಮುಟ್ಟುತ್ತಾರೆ. ಭಾರತದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಜ್ಜನ ಕಾಲದ ಬಾಗಿಲಿನ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಂತೆಯೇ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು. ಮಕ್ಕಳನ್ನು, ಬಸುರಿ ಹೆಂಗಸರನ್ನು ಆ ದಿನ ಬೇರೆ ಕಡೆ ಇರಿಸಬೇಕು. ಇದಕ್ಕೆ ಒಂದು ದಿನ ಜಾಸ್ತಿ ಹಿಡಿದರೆ ಹಿಡಿಯಲಿ.

ಹಾಗಂತ ಇಲ್ಲಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ಇಲ್ಲಿ ಕೆಲಸ ಶುರುವಾಗುವ ಮೊದಲೇ ಕಾಗದ ಕೈಗೆ ಬರುತ್ತದೆ. ಎಷ್ಟು ಕೋಟ್, ಯಾವ ಬಣ್ಣ, ಯಾವ ದಿನ ಬರುತ್ತಾರೆ, ಎಲ್ಲಾ ಅದರಲ್ಲಿರುತ್ತದೆ. ನಮ್ಮಲ್ಲಿ ಮೇಸ್ತ್ರಿ 'ನಾಳೆ' ಅಂದು ಇನ್ನೊಂದು ಮನೆಯ ಕೆಲಸಕ್ಕೆ ಹೋಗಿರುತ್ತಾನೆ. ಗೌರಿ ಹಬ್ಬದ ಮುಂಚೆಯಂತೂ ಕೈಗೆ ಸಿಗುವುದಿಲ್ಲ. ಒಣಗಲು ಕಾಯುವುದು ಬೇರೆ, ಆಳಿಗಾಗಿ ಕಾಯುವುದು ಬೇರೆ. ಮೊದಲನೆಯದು ಕೆಲಸದ ಭಾಗ. ಎರಡನೆಯದು ಮನೆಯವರ ದಿನ ಹಾಳು ಮಾಡುತ್ತದೆ, ಸಾಮಾನೆಲ್ಲಾ ಹಾಲಿನಲ್ಲಿ ರಾಶಿ ಬಿದ್ದಿರುತ್ತದೆ ಅಲ್ವಾ?

ಕೂಲಿಯ ರೀತಿಯಲ್ಲೂ ತೊಡಕಿದೆ. ಚದರ ಅಡಿ ಲೆಕ್ಕದಲ್ಲಿ ಕೊಟ್ಟರೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. ದಿನಗೂಲಿಯಾದರೆ ಎಳೆಯುವ ಆಸೆ. ನನಗೆ ಸರಿ ಕಾಣುವುದು ಹಂತ ಹಂತವಾಗಿ ಕೊಡುವುದು. ಪುಟ್ಟಿ ಒಣಗಿ ಉಜ್ಜಿದ ಮೇಲೆ ಒಂದು ಪಾಲು. ಪ್ರೈಮರ್ ಮತ್ತು ಮೊದಲ ಕೋಟ್ ಆದ ಮೇಲೆ ಇನ್ನೊಂದು. ಕೊನೆಯ ಪಾಲನ್ನು ಎರಡನೇ ಕೋಟ್ ಒಣಗಿದ ಮಾರನೆಯ ದಿನ, ಹಗಲು ಬೆಳಕಿನಲ್ಲಿ ಮೇಸ್ತ್ರಿಯ ಜೊತೆ ಗೋಡೆ ನೋಡಿ, ತಡ ಮಾಡದೆ ಕೊಟ್ಟುಬಿಡಿ.