ತೊಳೆದಿಟ್ಟ ಅಕ್ವೇರಿಯಂ ಬೇಡ, ನೀರಿರುವುದನ್ನೇ ನೋಡೋಣ

ಐದು ಅಡಿ ಉದ್ದದ ಹಳೆಯ ಅಕ್ವೇರಿಯಂ ಒಂದನ್ನು ಕೊಳ್ಳಬೇಕೋ ಬೇಡವೋ ಎಂದು ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ಎರಡು ಕಡೆ ಹೋಗಿ ನೋಡಿಯೂ ಬಂದೆ. ಮೊದಲನೆಯದು ವರ್ಷದಿಂದ ಒಣಗಿ ನಿಂತಿತ್ತು. ಆದರೆ ಒಂದು ಕಲೆಯೂ ಇಲ್ಲದಂತೆ ಉಜ್ಜಿ ತೊಳೆದಿಟ್ಟಿದ್ದರು. ಎರಡನೆಯದರಲ್ಲಿ ನೀರಿತ್ತು, ಮೀನುಗಳಿದ್ದವು. ಹಿಂದಿನ ಗಾಜಿಗೆ ಪಾಚಿ ಹತ್ತಿತ್ತು, ಮೇಲಂಚಿಗೆ ಬಿಳಿ ಸುಣ್ಣದ ಗೆರೆ ಕಟ್ಟಿತ್ತು. ಊರಲ್ಲಿದ್ದಾಗ ಆಗಿದ್ದರೆ ಹಿಂದೆ ಮುಂದೆ ನೋಡದೆ ಮೊದಲನೆಯದನ್ನೇ ತರುತ್ತಿದ್ದೆ. ಈಗ ನನ್ನ ಮನಸ್ಸು ಎರಡನೆಯದರ ಮೇಲಿದೆ.

ಊರಿನ ಮನೆಯಲ್ಲಿ ನಮ್ಮದು ಎರಡು ಅಡಿಯ ತೊಟ್ಟಿ. ತೊಳೆಯುವ ದಿನ ಬಂತೆಂದರೆ ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರನ್ನೆಲ್ಲ ಚೆಲ್ಲುತ್ತಿದ್ದೆವು. ಕಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದೆವು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ನಿಲ್ಲುವ ತನಕ ಹಿಂಡುತ್ತಿದ್ದೆವು. ತೊಟ್ಟಿ ಆ ಸಂಜೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಎರಡು ಮೂರು ದಿನಕ್ಕೆ ಒಂದು ಮೀನು ಸತ್ತು ತೇಲುತ್ತಿತ್ತು. ಅಂಗಡಿಯಿಂದ ತಂದ ಮೀನೇ ಸರಿ ಇರಲಿಲ್ಲ ಎಂದುಕೊಂಡು ಇನ್ನೊಂದು ತರುತ್ತಿದ್ದೆವು. ಎಷ್ಟು ಮೀನು ಹಾಗೆ ಹೋದವೋ, ನೆನೆದರೆ ಈಗಲೂ ಬೇಜಾರಾಗುತ್ತದೆ.

ಊರು ಬಿಟ್ಟು ಹೊರಗೆ ಬಂದ ಮೇಲೆ ನಾನು ಕಂಡ ಮೀನು ಸಾಕುವವರ ರೀತಿಯೇ ಬೇರೆ. ಇವರು ನೀರನ್ನು ಪೂರ್ತಿ ಬದಲಿಸುವುದೇ ಇಲ್ಲ. ವಾರಕ್ಕೆ ಕಾಲು ಭಾಗ ತೆಗೆದು ಅಷ್ಟೇ ಹೊಸ ನೀರು ಹಾಕುತ್ತಾರೆ. ಸ್ಪಂಜನ್ನು ನಲ್ಲಿಗೆ ಹಿಡಿಯುವುದಿಲ್ಲ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಅದ್ದಿ ಮೆಲ್ಲಗೆ ಹಿಂಡುತ್ತಾರೆ. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ನೈಟ್ರೇಟಿನಿಂದ ಅಷ್ಟು ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಸಾಯುತ್ತವೆ, ಒಣಗಿದರೂ ಸಾಯುತ್ತವೆ. ನಾವು ಶುಚಿ ಮಾಡುತ್ತಿದ್ದೇವೆ ಎಂದುಕೊಂಡು ಪ್ರತಿ ಸಲವೂ ಇವನ್ನೇ ತೊಳೆದು ಹಾಕುತ್ತಿದ್ದೆವು.

ಹಾಗಾಗಿ ನಡೆಯುತ್ತಿರುವ ತೊಟ್ಟಿಯನ್ನು ಕೊಂಡರೆ ಆ ಕೊಳಕು ಸ್ಪಂಜ್ ಕೂಡ ಜೊತೆಗೆ ಬರುತ್ತದೆ. ಗಾಜಿಗಿಂತ ಅದರ ಬೆಲೆ ಜಾಸ್ತಿ ಅನ್ನುವುದು ನನ್ನ ಲೆಕ್ಕ.

ಇನ್ನು ಸೋರುವ ವಿಷಯ. ಒಣಗಿದ ತೊಟ್ಟಿ ಸೋರುತ್ತದೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಒಳಮೂಲೆಯಲ್ಲಿ ದಪ್ಪಗೆ ಕಾಣುವ ಸಿಲಿಕೋನ್ ಗೆರೆಯನ್ನು ನಾವು ನೋಡುತ್ತೇವೆ. ನಿಜವಾಗಿ ಭಾರ ತಡೆಯುವುದು ಎರಡು ಗಾಜುಗಳ ನಡುವಿನ ತೆಳು ಪದರ. ಟಾರ್ಚ್ ಹಿಡಿದು ಹೊರಗಿನಿಂದ ನೋಡಿದರೆ ಅಲ್ಲಿ ಗುಳ್ಳೆಗಳು ಕಾಣುತ್ತವೆ. ಗುಳ್ಳೆಗಳು ಸಾಲಾಗಿ ಸೇರಿ ದಾರಿ ಮಾಡಿಕೊಂಡಿದ್ದರೆ ಆ ತೊಟ್ಟಿ ಬೇಡ. ಒಳಗಿನ ಗೆರೆಗೆ ಉಗುರು ಒತ್ತಿದರೆ ರಬ್ಬರಿನಂತೆ ಮತ್ತೆ ಮೇಲೇಳಬೇಕು, ಸಿಪ್ಪೆಯಂತೆ ಏಳಬಾರದು. ಸೋರುವ ಕಡೆ ಮೇಲಿಂದ ಸ್ವಲ್ಪ ಸಿಲಿಕೋನ್ ಬಳಿದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲ, ಪೂರ್ತಿ ಕೆರೆದು ತೆಗೆದೇ ಹಾಕಬೇಕು. ಒಣಗಿದ್ದನ್ನೇ ಕೊಳ್ಳುವುದಾದರೆ ಸಮತಟ್ಟಾದ ಜಾಗದಲ್ಲಿಟ್ಟು, ಸುತ್ತ ಪೇಪರ್ ಹಾಸಿ, ನೀರು ತುಂಬಿ ಎರಡು ದಿನ ಬಿಡಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ವಾಪಸ್ ಬರುವುದೇ ಒಳ್ಳೆಯದು.

ಔಷಧಿ ಹಾಕಿದ್ದರಾ ಎಂದೂ ಕೇಳಿ. ತಾಮ್ರವಿರುವ ಔಷಧಿ ಬಳಸಿದ್ದರೆ ಸೀಗಡಿ, ಬಸವನಹುಳು ಸಾಕುವ ಆಸೆ ಇರುವವರಿಗೆ ಆ ತೊಟ್ಟಿ ಆಗಿಬರುವುದಿಲ್ಲ.

ಇಷ್ಟೆಲ್ಲ ಸರಿ ಇದ್ದರೂ ನಾನಿನ್ನೂ ಹೂಂ ಅಂದಿಲ್ಲ. ಕಾರಣ ಭಾರ. 150 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಅಂದರೆ 540 ಲೀಟರ್. ನೀರೇ 540 ಕಿಲೋ ಆಯಿತು. 12 ಮಿಲಿಮೀಟರ್ ಗಾಜಿನದಾದರೆ ಖಾಲಿ ತೊಟ್ಟಿಯೇ ಸುಮಾರು ನೂರು ಕಿಲೋ. ಮರಳು, ಕಲ್ಲು, ಸ್ಟ್ಯಾಂಡ್ ಸೇರಿಸಿದರೆ ಮುಕ್ಕಾಲು ಟನ್, ಅದೂ ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ. ಊರಲ್ಲಿ ಕಾಂಕ್ರೀಟ್ ನೆಲದ ಮೇಲೆ ಬೆಳೆದವನಿಗೆ ನೆಲ ಭಾರ ತಡೆಯುತ್ತದಾ ಅನ್ನುವ ಪ್ರಶ್ನೆಯೇ ಹೊಳೆದಿರಲಿಲ್ಲ. ಈಗಿರುವುದು ಮರದ ನೆಲದ ಮನೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಹರಡಿದ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ತೊಟ್ಟಿಯನ್ನು ಗೋಡೆಯ ಪಕ್ಕ, ಕೆಳಗಿನ ತೊಲೆಗಳಿಗೆ ಅಡ್ಡವಾಗಿ ಇಟ್ಟರೆ ಭಾರ ನಾಲ್ಕೈದು ತೊಲೆಗಳಿಗೆ ಹಂಚಿಹೋಗುತ್ತದೆ. ತೊಲೆಯ ಉದ್ದಕ್ಕೇ ಇಟ್ಟರೆ ಒಂದೋ ಎರಡೋ ತೊಲೆ ಎಲ್ಲವನ್ನೂ ಹೊರಬೇಕು. ಇದನ್ನು ಬಲ್ಲವರಿಗೆ ತೋರಿಸದೆ ಮುಂದುವರಿಯುವುದಿಲ್ಲ.

ಬಕೆಟ್ ಲೆಕ್ಕವನ್ನೂ ಹಾಕಿದೆ. ವಾರಕ್ಕೆ ಕಾಲು ಭಾಗ ಅಂದರೆ 135 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ ಒಂಬತ್ತು ಹೊರಗೆ, ಒಂಬತ್ತು ಒಳಗೆ. ಪೈಪ್ ಹಾಕಿದರೆ ಸುಲಭ, ಆದರೂ ಪ್ರತಿ ವಾರ ಒಂದು ಗಂಟೆ ಬೇಕೇ ಬೇಕು. ಇದು ನನಗೆ ಹೊರೆ ಅನಿಸಲಿಲ್ಲ. ದೊಡ್ಡ ನೀರಿನಲ್ಲಿ ಬಿಸಿ, ವಿಷ ಎಲ್ಲವೂ ನಿಧಾನಕ್ಕೆ ಏರುತ್ತವೆ, ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ಆ ಎರಡಡಿಯ ತೊಟ್ಟಿಯಲ್ಲಿ ಅಂಥ ಸಮಯವೇ ಇರಲಿಲ್ಲ.

ಮುಂದಿನ ವಾರ ನೆಲ ನೋಡಲು ಬರುತ್ತಾರೆ. ಅವರು ಆಗುತ್ತದೆ ಅಂದರೆ ಸಮತಟ್ಟು ನೋಡುವ ರಸಮಟ್ಟ, ತೊಟ್ಟಿಯ ಕೆಳಗೆ ಹಾಸಲು ಥರ್ಮೋಕೋಲ್ ಹಾಳೆ, ಮುಚ್ಚಳವಿರುವ ನಾಲ್ಕು ಡಬ್ಬ ತೆಗೆದುಕೊಂಡು ಹೋಗುತ್ತೇನೆ. ಮೂರು ಡಬ್ಬ ಮೀನುಗಳಿಗೆ. ಇನ್ನೊಂದು ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತರಬೇಕಾದ ಸ್ಪಂಜಿಗೆ.