ಖಾಸಗಿ ಮರದ ತೋಪಿಗೆ ಸುಸ್ಥಿರತೆಯ ಪ್ರಮಾಣಪತ್ರ ಬೇಕೆ?

ಪರ: ಲೆಕ್ಕವಿದ್ದರೆ ತೋಪು ಉಳಿಯುತ್ತದೆ

ತಮ್ಮ ತೋಪಿನಲ್ಲಿ ಎಷ್ಟು ಮರವಿದೆ ಎಂದು ಖಚಿತವಾಗಿ ಹೇಳಬಲ್ಲ ಒಡೆಯರು ಕಡಿಮೆ. ಕಾಡು ಹಾಳಾಗದಂತೆ ಮರ ಬೆಳೆಸಿ ಕಡಿಯಲಾಗುತ್ತಿದೆ ಎಂದು ಹೊರಗಿನವರು ತಪಾಸಿಸಿ ಕೊಡುವ ಈ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾದರೆ ಈ ಲೆಕ್ಕ ಮೊದಲು ಸಿದ್ಧವಾಗಬೇಕು. ಗಡಿ, ಹಳ್ಳ, ದಾರಿ ತೋರಿಸುವ ನಕ್ಷೆ ಬೇಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಹಿಡಿದು ಮರದ ಪ್ರಮಾಣ ಅಂದಾಜಿಸಬೇಕು. ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಅದರೊಳಗೆ ಎಷ್ಟು ಕಡಿಯಬಹುದು ಎಂದು ಬರೆದಿಡಬೇಕು. ಈ ಶಿಸ್ತಿಲ್ಲದ ಕಡೆ ವ್ಯಾಪಾರಿ ದಪ್ಪ, ನೇರ ಮರಗಳನ್ನಷ್ಟೇ ಆರಿಸಿ ಒಯ್ಯುತ್ತಾನೆ. ಬೀಜಕ್ಕೂ ಸೊಟ್ಟ ಮರಗಳೇ ಉಳಿಯುತ್ತವೆ. ಹಳ್ಳದ ದಂಡೆಯವರೆಗೂ ಕಡಿದರೆ ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ.

ಖರ್ಚಿಗೆ ಹೆದರುವವರಿಗೆ ಗುಂಪು ಪ್ರಮಾಣಪತ್ರವಿದೆ. ಹಲವು ಒಡೆಯರಿಗೆ ಒಂದೇ ಪತ್ರ. ಗುಂಪಿನ ನಿರ್ವಾಹಕರು ಒಳತಪಾಸಣೆ ಮಾಡುತ್ತಾರೆ, ಹೊರಗಿನ ಆಡಿಟರ್ ಕೆಲವು ತೋಪುಗಳನ್ನಷ್ಟೇ ಮಾದರಿಯಾಗಿ ನೋಡುತ್ತಾರೆ. 1999ರಲ್ಲಿ ಪಿಇಎಫ್‌ಸಿ ಎಂಬ ಅಂತರರಾಷ್ಟ್ರೀಯ ಅರಣ್ಯ ಪ್ರಮಾಣಪತ್ರ ಯೋಜನೆ ಹುಟ್ಟಿದ್ದೇ ಸಣ್ಣ, ಕುಟುಂಬ ಒಡೆತನದ ಕಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಂಥದ್ದೇ ಇನ್ನೊಂದು ಯೋಜನೆಯಾದ ಎಫ್‌ಎಸ್‌ಸಿಯಲ್ಲೂ ಸಣ್ಣ ತೋಪುಗಳಿಗೆ ಸರಳ ಕ್ರಮವಿದೆ.

ವಿರೋಧ: ಪತ್ರ ಒಡೆಯನದು, ಲಾಭ ಯಾರದೋ

ನಕ್ಷೆ, ಅಳತೆ ಬೇಡವೆಂದವರಾರು? ಅದಕ್ಕೆ ಒಬ್ಬ ಒಳ್ಳೆಯ ಅರಣ್ಯ ತಜ್ಞ ಸಾಕು. ಎಫ್‌ಎಸ್‌ಸಿ ಪತ್ರದ ಅವಧಿ 5 ವರ್ಷ. ತೋಪು ಕಟಾವಿಗೆ ಬರುವುದು 20 ವರ್ಷಕ್ಕೊಮ್ಮೆಯಾದರೆ, ಮಾರಲು ಒಂದು ತುಂಡೂ ಇಲ್ಲದ ವರ್ಷಗಳಲ್ಲೂ ಶುಲ್ಕ, ದಾಖಲೆ, ತಪಾಸಣೆ ತಪ್ಪುವುದಿಲ್ಲ.

ನಿಜವಾದ ತೊಡಕು ಮಾರಾಟದಲ್ಲಿದೆ. ತೋಪಿಗೆ ಪತ್ರವಿದ್ದರೆ ಸಾಲದು. ನಾಟಾ ಕೊಳ್ಳುವ ವ್ಯಾಪಾರಿ, ಸಾಮಿಲ್, ಕಾರ್ಖಾನೆ ಹೀಗೆ ಮಾಲು ಯಾರ ಒಡೆತನಕ್ಕೆ ಬರುತ್ತದೋ ಅವರೆಲ್ಲರಿಗೂ ‘ಚೈನ್ ಆಫ್ ಕಸ್ಟಡಿ’ ಪತ್ರ, ಅಂದರೆ ಪ್ರಮಾಣಿತ ಮರ ಕೈಯಿಂದ ಕೈಗೆ ಹೋಗುವ ಜಾಡು ಇಟ್ಟಿದ್ದಾರೆ ಎಂಬ ಪತ್ರ, ಬೇಕು. ನಡುವೆ ಒಬ್ಬನಿಗಿಲ್ಲದಿದ್ದರೂ ಅಲ್ಲಿಂದಾಚೆ ಅದು ಬರೀ ಮರ. ಬಿಲ್ಲಿನಲ್ಲಿ ಪ್ರಮಾಣಪತ್ರದ ಸಂಖ್ಯೆಯಾಗಲಿ ‘ಎಫ್‌ಎಸ್‌ಸಿ 100%’ (ಪೂರ್ತಿ ಪ್ರಮಾಣಿತ ತೋಪಿನ ಮರ) ಎಂಬ ಘೋಷಣೆಯಾಗಲಿ ಬಿಟ್ಟುಹೋದರೆ ಅದೇ ಗತಿ. ಇಷ್ಟು ಮಾಡಿದರೂ ಹೆಚ್ಚಿನ ಬೆಲೆ ಕೊಡಿಸುವ ಹೊಣೆ ಯಾವ ಯೋಜನೆಯೂ ಹೊರುವುದಿಲ್ಲ.

ಗುಂಪಿನ ಮಾತೂ ಅಷ್ಟು ಸಲೀಸಲ್ಲ. ಗುತ್ತಿಗೆದಾರನ ಆಳು ಹೆಲ್ಮೆಟ್ ಇಲ್ಲದೆ ಗರಗಸ ಹಿಡಿದರೂ ಲೋಪ ಬರೆಸಿಕೊಳ್ಳುವುದು ಒಡೆಯನ ಕಡೆಯೇ. ದೊಡ್ಡ ಲೋಪವನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಸರಿಪಡಿಸಬೇಕು. ನಿರ್ವಾಹಕ ದಾಖಲೆ ಇಡುವಲ್ಲಿ ಸೋಮಾರಿಯಾದರೆ, ಅಚ್ಚುಕಟ್ಟಾಗಿ ನಡೆದುಕೊಂಡ ಸದಸ್ಯರ ಪತ್ರವೂ ಜೊತೆಗೇ ಅಮಾನತಾಗಬಹುದು. ಹಾಗಾಗಿ ಕೊಳ್ಳುವ ಕಾರ್ಖಾನೆ ಪತ್ರ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಆಡಿಟ್ ಖರ್ಚಿನಲ್ಲಿ ಪಾಲು ಹೊರಲು ಒಪ್ಪುವವರೆಗೆ ಸಣ್ಣ ಒಡೆಯ ಇದಕ್ಕೆ ಕೈಹಾಕದಿರುವುದೇ ಲೇಸು.