ಸ್ಪಷ್ಟನೆ: ಶಾಲೆಯಲ್ಲಿ ಗುಂಡಿನ ದಾಳಿಗೆ ಗೇಮ್ ಒಂದೇ ಕಾರಣವಲ್ಲ

“ಅಮೆರಿಕದ ಮಕ್ಕಳು ಶಾಲೆಯಲ್ಲಿ ಗುಂಡು ಹಾರಿಸೋದಕ್ಕೆ ಮೊಬೈಲ್ ಗೇಮೇ ಕಾರಣ, ನಾಳೆ ನಮ್ಮಲ್ಲೂ ಇದೇ ಗತಿ” ಅನ್ನೋ ಮೆಸೇಜು ತುಮಕೂರಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಜಪಾನ್, ದಕ್ಷಿಣ ಕೊರಿಯಾದ ಹುಡುಗರೂ ಹಗಲೂ ರಾತ್ರಿ ಗೇಮ್ ಆಡ್ತಾರೆ. ಅಲ್ಲಿ ಇಂಥ ದಾಳಿ ಇಲ್ಲವೇ ಇಲ್ಲ ಅನ್ನಬಹುದು.

ಅಮೆರಿಕದ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ರವರೆಗಿನ 37 ಪ್ರಕರಣಗಳನ್ನು ಕೆದಕಿ ನೋಡಿ, 2002ರಲ್ಲಿ ವರದಿ ಕೊಟ್ಟವು. ದಾಳಿ ಮಾಡಿದವರು 41 ಹುಡುಗರು. ಹಿಂಸೆಯ ಗೇಮ್‌ಗಳಲ್ಲಿ ಆಸಕ್ತಿ ಇದ್ದವರು ಸುಮಾರು ಶೇ 12 ಮಾತ್ರ. ಬೇರೆಯವರಿಂದ ಕಿರುಕುಳ, ಅವಮಾನ ಅನುಭವಿಸಿದವರು ಶೇ 71. ಬಂದೂಕು ಎಲ್ಲಿಂದ ಬಂತು? ಮೂರರಲ್ಲಿ ಎರಡು ಪಾಲು ಹುಡುಗರಿಗೆ ಸ್ವಂತ ಮನೆಯಲ್ಲೋ ನೆಂಟರ ಮನೆಯಲ್ಲೋ ಸಿಕ್ಕಿತ್ತು. ಇನ್ನೊಂದು ವಿಷಯ ಜಾಸ್ತಿ ಕಾಡುತ್ತೆ: ಬಹುತೇಕ ಪ್ರಕರಣಗಳಲ್ಲಿ ಒಬ್ಬ ಗೆಳೆಯನಿಗಾದರೂ ಮೊದಲೇ ಸುಳಿವಿತ್ತು. ದೊಡ್ಡವರ ಕಿವಿಗೆ ಮಾತ್ರ ಅದು ಬಿದ್ದಿದ್ದು ತೀರಾ ಅಪರೂಪ.

ನಮ್ಮಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ “ಇದೇ ಗತಿ” ಅನ್ನೋದು ಸುಮ್ನೆ ಹೆದರಿಸೋ ಮಾತು. ಆದರೆ ಜಾತಿ ಹಿಡಿದು ಚುಚ್ಚೋದು, ಫೀಸು ಕಟ್ಟದ ಮಗುವನ್ನು ತರಗತಿಯ ಹೊರಗೆ ನಿಲ್ಲಿಸೋದು ಇಲ್ಲೂ ಇದೆ. ಅದರ ಬಗ್ಗೆ ಗುಂಪಿನಲ್ಲಿ ಒಂದು ಮೆಸೇಜೂ ಬರಲ್ಲ, ನೋಡಿ.